ಪದಚರ್ಚೆ: ‘ಬ್ಯಾಂಡ್ ಲೀಡರ್ ಆಗಿ ಮೊದಲ ಆಲ್ಬಂ’ ಅನ್ನೋದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜ್ಯಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಬಗ್ಗೆ ಲೇಖನ ಬರೀತಿದೀನಿ. 1957ರಲ್ಲಿ ಪ್ರೆಸ್ಟೀಜ್ ಅನ್ನೋ ರೆಕಾರ್ಡ್ ಕಂಪನಿ ತಂದ ‘ಕೋಲ್ಟ್ರೇನ್’ ಅವರು ಲೀಡರ್ ಆಗಿ ಮಾಡಿದ ಮೊದಲ ಆಲ್ಬಂ, ಇದನ್ನ ಕನ್ನಡದಲ್ಲಿ ಹೇಗೆ ಹೇಳ್ಬೇಕು ಅನ್ನೋದೇ ಪ್ರಶ್ನೆ.

ಪೇಪರಿನವರ ಥರ ‘ಚೊಚ್ಚಲ ಆಲ್ಬಂ’ ಅಂದ್ರೆ ಓದೋರು ಯಾರೋ ಹೊಸ ಹುಡುಗ ಅಂದ್ಕೋತಾರೆ. ಆದ್ರೆ ಮೇ 31ರಂದು ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಇದು ರೆಕಾರ್ಡ್ ಆಗೋ ಹೊತ್ತಿಗೆ ಅವರಿಗೆ 30 ವರ್ಷ, ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಬ್ಯಾಂಡಲ್ಲಿ ನುಡಿಸಿ, 1955ರಿಂದ ಇನ್ನೊಬ್ಬ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಎಷ್ಟೋ ರೆಕಾರ್ಡಿಂಗ್ ಮಾಡಿ, ಹೆರಾಯಿನ್ ಚಟದಿಂದ ಆ ಕೆಲಸಾನೂ ಕಳ್ಕೊಂಡು, ಆಮೇಲೆ ಚಟ ಬಿಟ್ಟು ಎದ್ದು ನಿಂತಿದ್ದೋರು. ರಂಗಪ್ರವೇಶ ಅನ್ನೋ ಮಾತಂತೂ ಇಲ್ಲಿ ಹೊಂದೋದೇ ಇಲ್ಲ.

‘ಮೊದಲ ಸೋಲೋ ಆಲ್ಬಂ’ ಅಂತ ಸ್ನೇಹಿತರೊಬ್ಬರು ಸೂಚಿಸಿದ್ರು. ನಂಗೆ ಒಪ್ಪಿಗೆ ಇಲ್ಲ. ನಮ್ಮಲ್ಲಿ ಪಿಟೀಲು ಸೋಲೋ ಅಂದ್ರೆ ಆವತ್ತು ಪಿಟೀಲಿನವರದೇ ಮುಖ್ಯ ಕಚೇರಿ ಅಂತ ಅರ್ಥ. ಜ್ಯಾಝ್‌ನಲ್ಲಿ ಸೋಲೋ ಅಂದ್ರೆ ಹಾಡಿನ ನಡುವೆ ಒಬ್ಬೊಬ್ಬರಿಗೂ ಸಿಗೋ ಸರದಿ. ಇದೇ ಆಲ್ಬಮ್ಮಿನ ‘ಕ್ರಾನಿಕ್ ಬ್ಲೂಸ್’ ಕೇಳಿ, ಕೋಲ್ಟ್ರೇನ್ ಜೊತೆಗೆ ಸಾಹಿಬ್ ಶಿಹಾಬ್ ಅವರ ಬ್ಯಾರಿಟೋನ್ ಸ್ಯಾಕ್ಸ್‌ಗೂ (ತಗ್ಗು ದನಿಯ ಸ್ಯಾಕ್ಸೊಫೋನ್) ಜಾನಿ ಸ್ಪ್ಲಾನ್ ಅವರ ಟ್ರಂಪೆಟ್‌ಗೂ ಸೋಲೋ ಇದೆ. ಅಂದ್ಮೇಲೆ ಸೋಲೋ ನುಡಿಸಿದೋರೆಲ್ಲ ಲೀಡರ್ ಅಲ್ಲ, ಲೀಡರ್ ಅಂದ್ರೆ ಕವರ್ ಮೇಲೆ ಹೆಸರು ಇರೋರು, ಯಾವ ಹಾಡು, ಯಾವ ಕ್ರಮದಲ್ಲಿ ಯಾರು ನುಡಿಸ್ಬೇಕು ಅನ್ನೋದ್ರಲ್ಲಿ ಅವರ ಮಾತು ನಡೆಯುತ್ತೆ.

ಉಳಿದವರಿಗೆ ‘ಪಕ್ಕವಾದ್ಯ’ ಅನ್ನಬಹುದಾ? ಹತ್ರ ಬರುತ್ತೆ, ಇವತ್ತು ಪಕ್ಕದಲ್ಲಿ ಕೂತೋರು ನಾಳೆ ಮುಖ್ಯ ಕಲಾವಿದರಾಗೋದು ಎರಡೂ ಕಡೆ ಇದೆ. ಆದ್ರೆ 2008ರ ‘ಕಿನ್ಸ್‌ಮೆನ್’ ಆಲ್ಬಂ ನೋಡಿ, ಲೀಡರ್ ಅಮೆರಿಕದ ಜ್ಯಾಝ್ ವಾದಕ ರುದ್ರೇಶ್ ಮಹಾಂತಪ್ಪ, ಜೊತೇಲಿ ನಮ್ಮ ಕದ್ರಿ ಗೋಪಾಲನಾಥ್, ಇಬ್ಬರದೂ ಆಲ್ಟೋ ಸ್ಯಾಕ್ಸ್. ಅಲ್ಲಿ ಕದ್ರಿಯವರನ್ನ ಪಕ್ಕವಾದ್ಯ ಅಂತ ಬರೆಯೋಕೆ ನನ್ನ ಕೈ ಬರಲ್ಲ, ಬರೆದ್ರೆ ತಪ್ಪೂ ಹೌದು. ಧಾರವಾಡದ ಕಡೆಯ ‘ಸಾಥ್’ ಅನ್ನೋದು ಸ್ವಲ್ಪ ವಾಸಿ ಅನ್ಸುತ್ತೆ.

ಲೀಡರ್‌ಗೆ ‘ನಾಯಕ’ ಅಂದ್ರೆ ಕ್ರಿಕೆಟ್ ಟೀಮ್ ನೆನಪಾಗುತ್ತೆ. ಯಕ್ಷಗಾನದಲ್ಲಿ ಭಾಗವತರನ್ನೇ ಮೊದಲ ವೇಷ ಅಂತಾರಲ್ಲ, ಹಿಮ್ಮೇಳದಲ್ಲಿ ಕೂತೇ ಇಡೀ ಆಟ ನಡೆಸೋರು ಅವರು, ಆ ಕಡೆಯಿಂದ ಏನಾದ್ರೂ ಪದ ಸಿಗಬಹುದು ಅಂತ ನಂಗೆ ಬಲವಾಗಿ ಅನ್ಸುತ್ತೆ. ಸದ್ಯಕ್ಕೆ ‘ಸ್ವಂತ ಮೇಳದ ಮೊದಲ ಆಲ್ಬಂ’ ಅಂತ ಬರೆದಿದೀನಿ. ಕರಾವಳಿಯವರು ದಯವಿಟ್ಟು ಹೇಳಿ, ಒಂದೇ ದಿನದ ರೆಕಾರ್ಡಿಂಗ್‌ಗೆ ಸೇರಿದ ತಂಡಕ್ಕೆ ಮೇಳ ಅನ್ನಬಹುದಾ, ಇಲ್ಲಾ ಮೇಳ ಅಂದ್ರೆ ವರ್ಷವಿಡೀ ಜೊತೆಗಿರೋ ತಂಡಾನೇ ಆಗ್ಬೇಕಾ?