ಸಹಾಯ ಬೇಕು: ಪಾಸ್‌ವರ್ಡ್ ತಪ್ಪಾದರೂ 401, ಟೋಕನ್ ಅವಧಿ ಮುಗಿದರೂ 401

ಎಲ್ಲರಿಗೂ ನಮಸ್ಕಾರ. ರಿಯಾಕ್ಟ್ ಮತ್ತು ಎಕ್ಸ್‌ಪ್ರೆಸ್‌ನಲ್ಲಿ ಒಂದು ವೆಬ್ ಆ್ಯಪ್ ಮಾಡುತ್ತಿದ್ದೇನೆ. ಲಾಗಿನ್ ಸರಿಯಾದರೆ ಸರ್ವರ್ 200 (ಎಲ್ಲ ಸರಿ ಅನ್ನುವ ಸ್ಟೇಟಸ್ ಕೋಡ್) ಕೊಡುತ್ತದೆ, ಟೋಕನ್ (ಲಾಗಿನ್ ಆಗಿದೆ ಅಂತ ತೋರಿಸುವ ಗುರುತು) ಬರುತ್ತದೆ. ಪಾಸ್‌ವರ್ಡ್ ತಪ್ಪಾದಾಗಲೇ ತಲೆನೋವು.

ಟೋಕನ್ ಅವಧಿ ಮುಗಿದರೆ ಹೊಸದು ತರಲಿ ಅಂತ ಆಕ್ಸಿಯೋಸ್‌ನಲ್ಲಿ (ಸರ್ವರ್‌ಗೆ ವಿನಂತಿ ಕಳಿಸುವ ಲೈಬ್ರರಿ) ಇಂಟರ್‌ಸೆಪ್ಟರ್ (ಸರ್ವರ್‌ನ ಉತ್ತರವನ್ನು ಮಧ್ಯದಲ್ಲೇ ಹಿಡಿದು ನೋಡುವ ಕೋಡ್) ಹಾಕಿದ್ದೇನೆ. 401 (ಗುರುತು ಖಚಿತವಾಗಿಲ್ಲ ಅನ್ನುವ ಸ್ಟೇಟಸ್ ಕೋಡ್) ಕಂಡರೆ ಅದು ಮೊದಲು ಟೋಕನ್ ರಿಫ್ರೆಶ್ ಮಾಡಲು ನೋಡುತ್ತದೆ. ಆಗದಿದ್ದರೆ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಆದರೆ ತಪ್ಪು ಪಾಸ್‌ವರ್ಡ್‌ಗೂ ಸರ್ವರ್ ಕೊಡುವುದು 401 ಅಲ್ವಾ? ಹಾಗಾಗಿ ಪುಟ ರೀಲೋಡ್ ಆಗಿ, "ಪಾಸ್‌ವರ್ಡ್ ತಪ್ಪಿದೆ" ಅನ್ನುವ ಸಂದೇಶ ಒಂದು ಕ್ಷಣ ಕಂಡು ಮಾಯ. ಟೈಪ್ ಮಾಡಿದ ಇಮೇಲ್ ಕೂಡ ಅಳಿಸಿಹೋಗುತ್ತದೆ.

ಲಾಗಿನ್‌ಗೆ ಮಾತ್ರ ಆಕ್ಸಿಯೋಸ್ ಬದಲು ಬ್ರೌಸರ್‌ನದೇ ಫೆಚ್ ಬಳಸಿ ನೋಡಿದೆ. ಅದು 401 ಬಂದರೂ ಕ್ಯಾಚ್‌ಗೆ (ಎರರ್ ಹಿಡಿಯುವ ಭಾಗಕ್ಕೆ) ಹೋಗುವುದೇ ಇಲ್ಲ, ಸ್ಟೇಟಸ್ ನಾವೇ ನೋಡಬೇಕು. ಕೆಲಸ ಆಯಿತು, ಆದರೆ ಕೋಡ್ ಕಲಸುಮೇಲೋಗರ. ಸುಮ್ನೆ 200 ಕೊಟ್ಟು ಒಳಗೆ ಎರರ್ ಬರೆದುಬಿಡು ಅಂದರು ಸ್ನೇಹಿತರೊಬ್ಬರು. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಈಗ ಲಾಗಿನ್ ಮತ್ತು ರಿಫ್ರೆಶ್ ಯುಆರ್‌ಎಲ್‌ಗಳನ್ನು ಇಂಟರ್‌ಸೆಪ್ಟರ್‌ನಿಂದ ಹೊರಗಿಟ್ಟರೆ ಸಾಕಾ? ಇಲ್ಲ, ಸರ್ವರ್ ಎರಡೂ 401ಗಳ ಜೊತೆ ಬೇರೆ ಬೇರೆ ಎರರ್ ಕೋಡ್ ಕಳಿಸಿ, ಅದನ್ನು ನೋಡಿ ತೀರ್ಮಾನಿಸಬೇಕಾ? ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಯಾವುದನ್ನು ಮಾಡಿದ್ದೀರಿ, ಯಾಕೆ?