ಬಿಡಿಭಾಗಗಳಿಗಾಗಿ ಹಳೆಯ ಡೆಸ್ಕ್‌ಟಾಪ್ ಕೊಳ್ಳುವಾಗ ಅದೇ ಮಾದರಿಯೇ ಬೇಕೇ?

ತಾಮ್ರತಂತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರ್ ಇದೆ. ನಾಲ್ಕನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 16 ಜಿಬಿ ಡಿಡಿಆರ್3 ರ‍್ಯಾಮ್. ಇದರ ಹಿಂಬದಿಯ ಸೀರಿಯಲ್ ಪೋರ್ಟಿಗೆ ಅಳತೆಯ ಉಪಕರಣವೊಂದನ್ನು ಜೋಡಿಸಿದ್ದೇನೆ. ಆ ಉಪಕರಣದ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವುದರಿಂದ ಹೊಸ ಕಂಪ್ಯೂಟರಿಗೆ ಹೋಗುವ ಹಾದಿ ನನಗಿಲ್ಲ. ಯಂತ್ರ ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಆದರೂ ಹತ್ತು ವರ್ಷ ದಾಟಿದ ಯಂತ್ರವನ್ನೇ ನಂಬಿ ಕೆಲಸವನ್ನೆಲ್ಲ ಅದರ ಮೇಲೆ ಹೊರಿಸಿ ಕೂರುವುದು ಸರಿಯಲ್ಲವೆನಿಸಿ, ಬಿಡಿಭಾಗಗಳಿಗೆಂದೇ ಇನ್ನೊಂದು ಹಳೆಯ ಯಂತ್ರವನ್ನು ಕೊಂಡಿಡಬೇಕೆಂದಿದ್ದೇನೆ.

ಸದ್ಯ ಮೂರು ಯಂತ್ರಗಳು ಕಣ್ಣಿಗೆ ಬಿದ್ದಿವೆ. ಒಂದು ಆಪ್ಟಿಪ್ಲೆಕ್ಸ್ 3020 ಮಿನಿ ಟವರ್, ಇನ್ನೊಂದು 9020ರದೇ ಚಿಕ್ಕ ಗಾತ್ರದ ಪೆಟ್ಟಿಗೆ, ಮತ್ತೊಂದು ಆರನೆಯ ತಲೆಮಾರಿನ ಪ್ರೊಸೆಸರಿರುವ ಬೇರೆ ಯಂತ್ರ. ಇವುಗಳಲ್ಲಿ ಯಾವುದರ ಭಾಗಗಳು ನನ್ನದಕ್ಕೆ ಹೊಂದುತ್ತವೆ?

ಮದರ್‌ಬೋರ್ಡ್_ಮಿತ್ರ:

ಸಾಧ್ಯವಾದರೆ ಮೂರನ್ನೂ ಬಿಟ್ಟು 9020 ಮಿನಿ ಟವರನ್ನೇ ಹುಡುಕಿ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಸಿಆರ್2032 ಬ್ಯಾಟರಿ, ಡಿಡಿಆರ್3 ರ‍್ಯಾಮ್ ಇವೆಲ್ಲ ಬೇಕೆಂದಾಗ ಬಿಡಿಯಾಗಿಯೇ ಸಿಗುತ್ತವೆ. ಅವುಗಳಿಗಾಗಿ ಇಡೀ ಯಂತ್ರ ಕೊಳ್ಳಬೇಕಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗದ ಮದರ್‌ಬೋರ್ಡ್, ಪವರ್ ಸಪ್ಲೈ, ಫ್ಯಾನು, ಮುಂಬದಿಯ ಸ್ವಿಚ್ಚಿನ ಕೇಬಲ್ಲು, ಇವೇ ನಿಮಗೆ ಬೇಕಾದವು. ಕಚೇರಿಗಳಿಗೆಂದು ತಯಾರಾದ ಯಂತ್ರಗಳಲ್ಲಿ ಒಂದರಿಂದ ಒಂದಕ್ಕೆ ಹೊಂದದಿರುವುದೂ ಇವೇ.

ಪವರ್ ಸಪ್ಲೈಯನ್ನೇ ನೋಡಿ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾನದಂಡದ ಮುಖ್ಯ ಪ್ಲಗ್ ಮೊದಲು 20 ಪಿನ್ನಿನದಾಗಿದ್ದು, ಆಮೇಲೆ 24 ಪಿನ್ನಿನದಾಯಿತು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಅದೇ. ನಿಮ್ಮ 9020ರ ಮದರ್‌ಬೋರ್ಡಿಗೆ ಬೇಕಾದದ್ದು 8 ಪಿನ್ನಿನ ಮುಖ್ಯ ಪ್ಲಗ್. ಅದೇ ಕಾಲದ ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ1ಗೆ 6 ಪಿನ್, ಲೆನೊವೊ ಥಿಂಕ್‌ಸೆಂಟರ್ ಎಂ93ಪಿಗೆ 14 ಪಿನ್. ಮೂರಕ್ಕೂ ಒಂದೇ ಬಗೆಯ ಪ್ರೊಸೆಸರ್ ಕೂರುತ್ತದೆ, ಆದರೆ ಒಂದರ ಪವರ್ ಸಪ್ಲೈ ಇನ್ನೊಂದಕ್ಕೆ ನೇರವಾಗಿ ಆಗಿಬರುವುದಿಲ್ಲ. 24 ಪಿನ್ನನ್ನು 8 ಪಿನ್ನಿಗೆ ಹೊಂದಿಸುವ ಕೇಬಲ್ಲುಗಳಿವೆ, ಅವು ತುರ್ತಿಗೆ ಒದಗುತ್ತವೆ ಕೂಡ. ಆದರೂ ನಿಮ್ಮಂತೆ ವರ್ಷಾನುಗಟ್ಟಲೆ ನಡೆಯಬೇಕಾದ ವ್ಯವಸ್ಥೆಯಲ್ಲಿ ನಾನು ಮೂಲ ಭಾಗವನ್ನೇ ಇಟ್ಟುಕೊಳ್ಳುತ್ತೇನೆ.

ಇನ್ನು ನೀವು ಹೇಳಿದ ಮೂರು ಯಂತ್ರಗಳ ವಿಚಾರ. ಆರನೆಯ ತಲೆಮಾರಿನದನ್ನು ಈಗಲೇ ಕೈಬಿಡಿ. ಅದರ ಪ್ರೊಸೆಸರ್ ಎಲ್‌ಜಿಎ 1151 ಸಾಕೆಟ್ಟಿನದು, ನಿಮ್ಮದು 1150. ಅದರಲ್ಲಿರುವುದು ಡಿಡಿಆರ್4 ರ‍್ಯಾಮ್ ಆಗಿದ್ದರೆ ಅದಕ್ಕೆ 288 ಪಿನ್, ನಿಮ್ಮ ಡಿಡಿಆರ್3ಗೆ 240. ನಡುವಿನ ಕಚ್ಚಿನ ಜಾಗವೂ ಬೇರೆ. 3020ರ ಪ್ರೊಸೆಸರ್ ಮತ್ತು ರ‍್ಯಾಮ್ ನಿಮ್ಮದಕ್ಕೆ ಕೂರುತ್ತವೆ. ಆದರೆ ಅದರಲ್ಲಿ ರ‍್ಯಾಮಿಗೆ ನಾಲ್ಕರ ಬದಲು ಎರಡೇ ಜಾಗಗಳಿವೆ. ಅದಕ್ಕಿಂತ ಮುಖ್ಯವಾಗಿ, ಅದರ ಮದರ್‌ಬೋರ್ಡಿನಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಬೇಕಿದ್ದರೆ ಪ್ರತ್ಯೇಕ ಕಾರ್ಡ್ ಹಾಕಬೇಕು. ನಿಮ್ಮ ಕೆಲಸವೆಲ್ಲ ಆ ಪೋರ್ಟಿನ ಮೇಲೆಯೇ ನಿಂತಿರುವಾಗ, ಆ ಬೋರ್ಡು ನಿಮ್ಮದರ ಜಾಗ ತುಂಬಲಾರದು.

ಓರೆದೀಪ:

9020ರ ಚಿಕ್ಕ ಪೆಟ್ಟಿಗೆಯ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. ಹಿಂದೆ ನಾನೂ ಮಾದರಿ ಸಂಖ್ಯೆಯೊಂದನ್ನೇ ನೋಡಿ, ಗಾತ್ರವನ್ನು ವಿಚಾರಿಸದೆ ಒಂದನ್ನು ತರಿಸಿದ್ದೆ. ಮುಚ್ಚಳ ತೆಗೆದಾಗ ಪವರ್ ಸಪ್ಲೈ ಬೇರೆಯೇ ಆಕಾರದ್ದಾಗಿತ್ತು. ಮದರ್‌ಬೋರ್ಡಿನ ಸ್ಕ್ರೂ ತೂತುಗಳು ನನ್ನ ಟವರಿನವುಗಳ ಜೊತೆ ತಾಳೆಯಾಗಲಿಲ್ಲ. ಕಾರ್ಡುಗಳೋ ಅರ್ಧ ಎತ್ತರದವು. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಇವಿಷ್ಟೇ ಉಪಯೋಗಕ್ಕೆ ಬಂದವು. ಒಂದೇ ಹೆಸರಿನಲ್ಲಿ ಮೂರು ನಾಲ್ಕು ಗಾತ್ರಗಳಿರುತ್ತವೆ ಎಂಬುದನ್ನು ನಾನು ತಿಳಿದದ್ದು ಹಾಗೆ.

ಆದ್ದರಿಂದ ಹಣ ಕೊಡುವ ಮೊದಲು ಪಕ್ಕದ ಮುಚ್ಚಳ ತೆಗೆಸಿ ಒಳಗಿನ ಚಿತ್ರವನ್ನು ಕೇಳಿ. ಪವರ್ ಸಪ್ಲೈಯ ಚೀಟಿಯ ಮೇಲಿನ ಭಾಗಸಂಖ್ಯೆ ಓದುವಂತಿರಲಿ, ಅದನ್ನು ನಿಮ್ಮದರ ಚೀಟಿಯೊಂದಿಗೆ ಹೋಲಿಸಿ. ಕೈಗೆ ಬಂದ ಮೇಲೆ ಪ್ರೊಸೆಸರನ್ನು ಒಮ್ಮೆ ಎತ್ತಿ ಸಾಕೆಟ್ಟನ್ನು ನೋಡಲೇಬೇಕು. ಈ ಸಾಕೆಟ್ಟುಗಳಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲೇ, ಪ್ರೊಸೆಸರಿನಲ್ಲಲ್ಲ. ಟಾರ್ಚನ್ನು ಓರೆಯಾಗಿ ಹಿಡಿದಾಗ ಪಿನ್ನುಗಳ ಸಾಲುಗಳೆಲ್ಲ ನೇಯ್ದ ಬಟ್ಟೆಯಂತೆ ಒಂದೇ ಸಮನೆ ಹೊಳೆಯಬೇಕು. ಎಲ್ಲಾದರೂ ಆ ಹೊಳಪು ಕಡಿದಂತೆ ಕಂಡರೆ ಅಲ್ಲಿ ಪಿನ್ನು ಬಾಗಿದೆಯೆಂದೇ ತಿಳಿಯಿರಿ. ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಸಪಾಟಾಗಿರಬೇಕು, ಉಬ್ಬಿರಬಾರದು. ಆದರೆ ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ತಾಮ್ರತಂತಿ:

ಇಬ್ಬರಿಗೂ ಕೃತಜ್ಞತೆಗಳು. ಸೀರಿಯಲ್ ಪೋರ್ಟಿನ ಮಾತು ನನಗೆ ಹೊಳೆದೇ ಇರಲಿಲ್ಲ, ಅಗ್ಗವಾಗಿದೆಯೆಂದು 3020ಕ್ಕೇ ಮನಸ್ಸು ವಾಲಿತ್ತು. ಈಗ 9020 ಮಿನಿ ಟವರೇ ಒಂದು ಸಿಕ್ಕಿದೆ. ಒಳಗಿನ ಚಿತ್ರ ನೋಡಿದೆ, ಪವರ್ ಸಪ್ಲೈಯ ಭಾಗಸಂಖ್ಯೆ ಅಕ್ಷರಶಃ ಒಂದೇ ಇದೆ. ತಂದ ಮೇಲೆ ಅದನ್ನು ಬಿಡಿಬಿಡಿಯಾಗಿ ಬಿಚ್ಚಿಡಲೇ, ಇಡಿಯಾಗಿಯೇ ಇಟ್ಟುಕೊಳ್ಳಲೇ?

ಹಳೆಪೆಟ್ಟಿಗೆ:

ಇಡಿಯಾಗಿಯೇ ಇಡಿ. ಬಿಚ್ಚಿಟ್ಟ ಭಾಗ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಆಪತ್ತಿನ ದಿನವೇ ಗೊತ್ತಾಗುತ್ತದೆ. ಜೋಡಿಸಿಟ್ಟ ಯಂತ್ರವನ್ನಾದರೆ ಬೇಕೆಂದಾಗ ಪರೀಕ್ಷಿಸಬಹುದು.

ತಂದ ದಿನವೇ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನದೇ ತಂತ್ರಾಂಶ) ಒಳಗೆ ಹೋಗಿ ಹಳೆಯ ಮಾಲೀಕರು ಪಾಸ್‌ವರ್ಡ್ ಬಿಟ್ಟಿದ್ದಾರೆಯೇ ನೋಡಿ. ಒಂದು ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಬೇಡ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಡುವ ಸ್ಮಾರ್ಟ್ ಮಾಹಿತಿಯಲ್ಲಿ, ಕೆಟ್ಟದ್ದರಿಂದ ಬದಲಿಸಿದ ಸೆಕ್ಟರುಗಳ ಸಂಖ್ಯೆ ಸೊನ್ನೆಯಾಗಿರದಿದ್ದರೆ ಆ ಡಿಸ್ಕನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಇದಾದ ಮೇಲೆ, ನಿಮ್ಮ ಡಿಸ್ಕಿನ ಯಥಾಪ್ರತಿಯೊಂದನ್ನು ಮಾಡಿ ಹೊಸದಾಗಿ ತಂದ ಯಂತ್ರಕ್ಕೆ ಹಾಕಿ, ಉಪಕರಣವನ್ನು ಅದಕ್ಕೇ ಜೋಡಿಸಿ ಒಂದು ಪೂರ್ತಿ ದಿನ ಕೆಲಸ ಮಾಡಿ ನೋಡಿ. ಇಲ್ಲಿ ಹಲವರು ಮುಗ್ಗರಿಸುವುದು ಬಯೋಸಿನ ಸಾಟಾ ಆಯ್ಕೆಯಲ್ಲಿ, ಅಂದರೆ ಬೋರ್ಡು ಡಿಸ್ಕಿನೊಂದಿಗೆ ವ್ಯವಹರಿಸುವ ವಿಧಾನದ ಆಯ್ಕೆಯಲ್ಲಿ. ಒಂದು ಯಂತ್ರದಲ್ಲಿ ಅದು 'ರೇಡ್ ಆನ್' ಎಂದೂ ಇನ್ನೊಂದರಲ್ಲಿ 'ಎಎಚ್‌ಸಿಐ' ಎಂದೂ ಇದ್ದರೆ, ಡಿಸ್ಕ್ ಸರಿಯಿದ್ದರೂ ವಿಂಡೋಸ್ ನೀಲಿ ತೆರೆ ತೋರಿಸಿ ನಿಂತುಬಿಡಬಹುದು. ಯುಇಎಫ್‌ಐ, ಲೆಗಸಿ ಎಂಬ ಬೂಟ್ (ಯಂತ್ರ ಶುರುವಾಗುವ ವಿಧಾನದ) ಆಯ್ಕೆಯೂ ಎರಡರಲ್ಲಿ ಒಂದೇ ಇರಲಿ. ನಿಮ್ಮ ಯಂತ್ರದ ಬಯೋಸ್ ಪುಟಗಳನ್ನೆಲ್ಲ ಈಗಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಅದು ಕೆಟ್ಟ ಮೇಲೆ ಆ ಪುಟಗಳು ನೋಡಲು ಸಿಗುವುದಿಲ್ಲ. ಯಂತ್ರದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಬೋರ್ಡು ಬದಲಾದಾಗ ಅದು ಮತ್ತೆ ಸಕ್ರಿಯಗೊಳಿಸಲು ಕೇಳಬಹುದು. ಅದಕ್ಕೂ ಸಿದ್ಧರಾಗಿರಿ.

ಎಲ್ಲ ಸರಿಯಾದ ಮೇಲೆ ಧೂಳು, ತೇವ ಇಲ್ಲದ ಕಡೆ ಇಟ್ಟು, ಮೂರು ನಾಲ್ಕು ತಿಂಗಳಿಗೊಮ್ಮೆ ಕೆಲವು ಗಂಟೆ ಓಡಿಸಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿದ್ದರೆ ಅವುಗಳ ಒಳಪದರ ಸೊರಗುತ್ತದೆ. ಪ್ಲಗ್ ಕಿತ್ತಿಟ್ಟ ಯಂತ್ರದಲ್ಲಿ ಗಡಿಯಾರ ನಡೆಸುವ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಅದು ಬರಿದಾದರೆ ನೀವು ಹೊಂದಿಸಿದ ಸಾಟಾ ಆಯ್ಕೆ ಮೊದಲಿನ ಸ್ಥಿತಿಗೆ ಮರಳಬಹುದು. ಹಾಗಾಗಿ ಓಡಿಸುವ ಮುನ್ನ ಪ್ರತಿ ಸಲ ಬಯೋಸಿನ ದಿನಾಂಕ ಸರಿಯಿದೆಯೇ ಎಂದು ನೋಡಿಕೊಳ್ಳಿ.