ಪಾಳುಬಿದ್ದ ಕಲ್ಲುಗಣಿಗೆ ಇಳಿಯುವವರಿಗೆ: ಹೋಗಿಬಂದವರ ಅನುಭವ

ಪ್ರಶ್ನೆ: ಕೆಲಸ ನಿಂತು ದಶಕಗಳೇ ಆಗಿರುವ, ನೆಲದಡಿಯ ಸುಣ್ಣಕಲ್ಲಿನ ಗಣಿಯೊಂದನ್ನು ನೋಡಲು ನಾವು ನಾಲ್ವರು ಗೆಳೆಯರು ಹೊರಟಿದ್ದೇವೆ. ಮಾಲೀಕರ ಒಪ್ಪಿಗೆ ಸಿಕ್ಕಿದೆ. ಇಂಥ ಕಡೆ ಹೋಗಿಬಂದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

* * *

ಒಪ್ಪಿಗೆ ಪಡೆದೇ ಹೊರಟಿದ್ದೀರಿ, ಸಂತೋಷ. ನಾನು ಹೇಳಬೇಕಾದದ್ದು ಮರಳಿ ಬರುವ ದಾರಿಯ ಬಗ್ಗೆ. ನಾವು ಐವರು ಎಡವಿದ್ದು ಅಲ್ಲಿಯೇ. ಕಲ್ಲು ತೆಗೆಯುವಾಗ ಚಾವಣಿ ಕುಸಿಯದಿರಲೆಂದು ನಡುನಡುವೆ ಬಂಡೆಯ ಕಂಬಗಳನ್ನು ಉಳಿಸಿರುತ್ತಾರೆ. ಅವುಗಳ ನಡುವಿನ ಓಣಿಗಳೆಲ್ಲ ನೋಡಲು ಒಂದೇ ಥರ. ಹೋಗುವಾಗ ಗುರುತಿಗೆಂದು ನೋಡಿಟ್ಟುಕೊಂಡಿದ್ದ ಮುರಿದ ಕಂಬ ಬರುವಾಗ ಸಿಗಲೇ ಇಲ್ಲ; ಮುರಿದದ್ದು ಅದರ ಆಚೆ ಮಗ್ಗುಲು. ಗೋಡೆಯ ಮೇಲೆ ಸೀಮೆಸುಣ್ಣದ ಬಾಣಗಳಿದ್ದವು. ಯಾರೋ ಎಂದೋ ಬರೆದವು, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಇಪ್ಪತ್ತು ನಿಮಿಷದ ದಾರಿಗೆ ಎರಡು ಗಂಟೆ ಅಲೆದೆವು. ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಅಂದಿನಿಂದ ಪ್ರತಿ ಕವಲಿನಲ್ಲೂ ನಿಂತು, ಪೂರ್ತಿ ಹಿಂದಕ್ಕೆ ತಿರುಗಿ, ಬಂದ ದಾರಿಯ ಮೇಲೆ ಬೆಳಕು ಹಾಯಿಸಿ ನೋಡುತ್ತೇವೆ. ಗೋಡೆಗೆ ಏನನ್ನೂ ಬಳಿಯುವುದಿಲ್ಲ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯ ತುಂಡುಗಳನ್ನು ಇಟ್ಟುಕೊಂಡು ಹೋಗಿ, ಬರುವಾಗ ಎತ್ತಿಕೊಳ್ಳುತ್ತೇವೆ. ಮುಂದಿನ ತುಂಡು ಕಾಣುವ ತನಕ ಹಿಂದಿನದನ್ನು ಮುಟ್ಟುವುದಿಲ್ಲ. ಒಬ್ಬೊಬ್ಬರ ಬಳಿಯೂ ಮೂರು ದೀಪ ಇರಲಿ, ಮೊಬೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. 1793ರಲ್ಲಿ ಪ್ಯಾರಿಸ್ಸಿನ ಅಡಿಯ ಹಳೆಯ ಕಲ್ಲುಗಣಿಗಳಿಗೆ ಒಬ್ಬನೇ ಇಳಿದ ಫಿಲಿಬರ್ ಆಸ್ಪೆರ್ ಎಂಬ ಆಸ್ಪತ್ರೆಯ ದ್ವಾರಪಾಲಕನ ದೇಹ ಸಿಕ್ಕಿದ್ದು 1804ರಲ್ಲಿ. ಅವನ ಸಮಾಧಿ ಇವತ್ತಿಗೂ ಆ ಓಣಿಗಳಲ್ಲೇ ಇದೆ.

* * *

ದಾರಿಯ ಮಾತು ನೂರಕ್ಕೆ ನೂರು ನಿಜ. ನನ್ನ ಭಯ ಗಾಳಿಯದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಗಾಳಿಯಾಡದ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಒಂದು ಇಳಿಜಾರಿನ ಕೊನೆಯಲ್ಲಿ ನಮ್ಮ ಗೆಳತಿಯೊಬ್ಬಳು, "ಸುಮ್ಮನೆ ನಿಂತಿದ್ದರೂ ಏದುಸಿರು ಬರುತ್ತಿದೆ" ಎಂದಳು. ಮರುಮಾತಿಲ್ಲದೆ ಎಲ್ಲರೂ ತಿರುಗಿದೆವು. ಹೊರಗೆ ಬಂದ ಮೇಲೆಯೇ ನನಗೂ ತಲೆ ಸಿಡಿಯುತ್ತಿದ್ದದ್ದು ಅರಿವಿಗೆ ಬಂದಿತು. ಯಾರೇ ಒಬ್ಬರು ಸಾಕು ಎಂದರೂ ಎಲ್ಲರೂ ಹಿಂತಿರುಗಬೇಕು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಮೇಣದಬತ್ತಿ ಉರಿಯುತ್ತಿದ್ದರೆ ಗಾಳಿ ಚೆನ್ನಾಗಿದೆ ಎನ್ನುವವರ ಮಾತು ಕೇಳಬೇಡಿ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ 20.9% ಇರುತ್ತದೆ, ಬತ್ತಿ ಆರುವುದು ಅದು 16%ರ ಆಸುಪಾಸಿಗೆ ಇಳಿದಾಗ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನಂತೂ ಆ ಜ್ವಾಲೆ ತೋರಿಸುವುದೇ ಇಲ್ಲ. ಅನಿಲ ಮಾಪಕ ಒಯ್ಯುವುದಾದರೆ ಇಂಗಾಲದ ಡೈಆಕ್ಸೈಡನ್ನೂ ಅಳೆಯುವಂಥದ್ದೇ ಬೇಕು. ನಾಲ್ಕು ಅನಿಲಗಳ ಸಾಮಾನ್ಯ ಮಾಪಕಗಳಲ್ಲಿ ಹೆಚ್ಚಿನವು ಅದನ್ನು ಅಳೆಯುವುದಿಲ್ಲ. ತಗ್ಗಿನಲ್ಲಿ ಯಾರಾದರೂ ಕುಸಿದರೆ ಅವರ ಹಿಂದೆಯೇ ಧುಮುಕಬೇಡಿ. ಇದು ಕಟುವಾಗಿ ಕೇಳಿಸಬಹುದು, ಆದರೆ ಎರಡನೆಯ ಜೀವ ಹೋಗುವುದು ಹಾಗೆಯೇ.

* * *

ನನ್ನದು ಸ್ವಲ್ಪವೇ. ಕಂಬದ ಬುಡದಲ್ಲಿ ಧೂಳು ಕೂರದ ಹೊಸ ಕಲ್ಲುಚೂರುಗಳು ಕಂಡರೆ ಅತ್ತ ಹೋಗಬೇಡಿ. ಆಧಾರಕ್ಕೆ ನಿಲ್ಲಿಸಿದ ಮರಗಳು ಒಳಗೊಳಗೇ ಕೊಳೆತಿರುತ್ತವೆ, ಕೈ ಊರಬೇಡಿ. ನಿಂತ ನೀರಿನ ಅಡಿಯಲ್ಲಿ ಆಳದ ಗುಂಡಿ ಇರಬಹುದು. ಬಾವಲಿಗಳು ಮಲಗಿದ್ದರೆ ಅವುಗಳ ಪಾಡಿಗೆ ಬಿಟ್ಟು ಬನ್ನಿ.

ಹೊರಗಿರುವ ಒಬ್ಬರಿಗೆ ಗಣಿಯ ಜಾಗ, ನೀವು ಹೊರಬರುವ ಸಮಯ, ಬಾರದಿದ್ದರೆ ರಕ್ಷಣಾ ಪಡೆಗೆ ಕರೆ ಮಾಡಬೇಕಾದ ಸಮಯ, ಈ ಮೂರನ್ನೂ ಬರೆದುಕೊಡಿ. ನಾವು ಒಮ್ಮೆ ತಡವಾಗಿ ಹೊರಬಂದಾಗ ನನ್ನ ಅಣ್ಣ ಆ ಚೀಟಿ ಹಿಡಿದುಕೊಂಡು ಗಣಿಯ ಬಾಯಲ್ಲೇ ನಿಂತಿದ್ದ. ಅವನು ಕರೆ ಮಾಡಬೇಕಾದ ಹೊತ್ತಿಗೆ ಇನ್ನು ಆರೇ ನಿಮಿಷ ಉಳಿದಿತ್ತು.